ಮೋಡೆಮ್ ಯಾಕೆ ಕಿರುಚುತ್ತೆ?

ಊರಲ್ಲಿರೋ ಅಮ್ಮನ ಜೊತೆ ಮಾತಾಡ್ತಿರುವಾಗಲೇ ಲೈನ್ ಕಟ್! ನಾವು ಮೊದಲು ಬೈದದ್ದು ವೈಫೈಗೆ. ಇಲ್ಲಿ ಅಮೆರಿಕದ ನಮ್ಮ ಮನೇಲಿ ತಪ್ಪಿದ್ದದ್ದು ಕೇಬಲ್‌ನ ಸ್ಪ್ಲಿಟರ್‌ನಲ್ಲಿ. ಒಂದು ಕೇಬಲನ್ನು ಎರಡಾಗಿ ಕವಲೊಡೆಸುವ ಈ ಪುಟ್ಟ ಡಬ್ಬಿ ಸುಮಾರು 3.5 ಡೆಸಿಬೆಲ್ ನುಂಗುತ್ತದೆ, ಅಂದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ. ಒಂದರ ಹಿಂದೊಂದು ಎರಡಿದ್ದರೆ ಉಳಿಯೋದು ಐದರಲ್ಲೊಂದು ಪಾಲು. ಆಗ ಕಂಪನಿಯ ಕಡೆಗೆ ಕೇಳಿಸಲೆಂದು ಮೋಡೆಮ್ ದನಿ ಏರಿಸುತ್ತದೆ. ಬ್ರೌಸರ್‌ನಲ್ಲಿ 192.168.100.1 ತೆರೆದರೆ ಹಲವು ಮೋಡೆಮ್‌ಗಳು ಅಪ್‌ಸ್ಟ್ರೀಮ್ ಪವರ್ ತೋರಿಸುತ್ತವೆ. 50 ಡಿಬಿಎಂವಿ ದಾಟಿದ್ದರೆ ಅದು ಕಿರುಚುತ್ತಿದೆ ಅಂತಲೇ ಲೆಕ್ಕ. ನಮ್ಮದು 53 ಇತ್ತು. ಹಳೇ ಟಿವಿಗೆಂದು ಹಾಕಿದ್ದ ಎರಡೂ ಸ್ಪ್ಲಿಟರ್ ಕಿತ್ತು, ಕನೆಕ್ಟರ್ ಬಿಗಿ ಮಾಡಿದ ಮೇಲೆ 46.

ಇನ್ನೊಂದು ಮಾತು. ಮನೆ ಫೋನೂ ಇದೇ ಮೋಡೆಮ್‌ಗೆ ಸಿಕ್ಕಿಸಿದ್ದರೆ, ಕರೆಂಟ್ ಹೋದಾಗ ಬ್ಯಾಟರಿ ಇಲ್ಲದೆ ಅದರಿಂದ 911ಕ್ಕೂ ಕರೆ ಹೋಗಲ್ಲ. ಬ್ಯಾಟರಿ ಇದೆಯಾ, ಇವತ್ತೇ ನೋಡಿಬಿಡಿ.