ಹಲ್ಲು ಹೋದರೂ ಉಳಿಯುವ ಮುಖವೇದನೆ

ಹಲ್ಲು ಕೀಳಿಸಿದ ಮೇಲೆ ನೋವಿನ ಮೂಲವೇ ಹೋಯಿತೆಂದು ನಿಶ್ಚಿಂತರಾಗುವುದು ಸಹಜ. ಬಹುಪಾಲು ಜನರಿಗೆ ಅದು ನಿಜವೂ ಹೌದು. ವಾರದೊಳಗೆ ನೋವು ಇಳಿದು, ಕೆಲವು ವಾರಗಳಲ್ಲಿ ಒಸಡು ಕೂಡಿಕೊಳ್ಳುತ್ತದೆ. ಆದರೆ ಕೆಲವರಿಗೆ ಗಾಯ ಮಾಗಿ ತಿಂಗಳುಗಳು ಕಳೆದರೂ ಅದೇ ಸ್ಥಳದಲ್ಲಿ ಉರಿ, ಚುಚ್ಚು, ಸೆಳೆತ ಉಳಿದುಬಿಡುತ್ತದೆ. ಎಕ್ಸ್‌ರೇಯಲ್ಲಿ ಏನೂ ಕಾಣದು. ಮನೆಯವರು ಮೊದಲು ಮರುಗುವರು, ಬಳಿಕ ಬೇಸರಪಡುವರು, ಕೊನೆಗೆ ಇವೆಲ್ಲ ನೆಪವೆಂದು ಸಂಶಯಪಡುವರು. ರೋಗಿಯಾದರೋ ಪಕ್ಕದ ಹಲ್ಲೇ ಕಾರಣವಿರಬೇಕೆಂದು ಅದನ್ನೂ ಕೀಳಿಸುವನು. ನೋವು ಹೋಗದು, ಹಲ್ಲು ಮಾತ್ರ ಹೋಗುವುದು. ಆ ಎರಡನೆಯ ಹಲ್ಲನ್ನು ಉಳಿಸುವುದೇ ಈ ಲೇಖನದ ಉದ್ದೇಶ.

ಮುಖದ ಪ್ರತಿಯೊಂದು ಪಾರ್ಶ್ವಕ್ಕೂ ಮೂರು ಕವಲಿನ ಒಂದು ನರವಿದೆ. ವೈದ್ಯರು ಇದನ್ನು ಟ್ರೈಜೆಮಿನಲ್ ನರವೆನ್ನುವರು. ಮೊದಲ ಕವಲು ಹಣೆ ಮತ್ತು ಕಣ್ಣಿಗೆ, ಎರಡನೆಯದು ಕೆನ್ನೆ ಮತ್ತು ಮೇಲಿನ ಹಲ್ಲುಗಳಿಗೆ, ಮೂರನೆಯದು ಕೆಳದವಡೆಗೆ. ಕೆಳಗಿನ ಹಲ್ಲುಗಳಿಗೆ ಹೋಗುವ ಶಾಖೆಯು ದವಡೆಯ ಎಲುಬಿನೊಳಗೇ ಸಾಗುತ್ತದೆ. ಬುದ್ಧಿಹಲ್ಲಿನ ಬೇರು ಹಲವರಲ್ಲಿ ಅದಕ್ಕೆ ತೀರ ಸಮೀಪವಿರುತ್ತದೆ. ಬೇರನ್ನು ಕಿತ್ತಾಗ ಅದರೊಳಗಿನ ಸೂಕ್ಷ್ಮ ನರತಂತುಗಳು ತುಂಡಾಗಲೇಬೇಕು. ಸಾಮಾನ್ಯವಾಗಿ ಅವು ಸದ್ದಿಲ್ಲದೆ ಮಾಗುತ್ತವೆ. ಕೆಲವೊಮ್ಮೆ ಮಾತ್ರ ತುಂಡಾದ ತುದಿಗಳು ಕಾರಣವಿಲ್ಲದೆಯೇ ಮಿದುಳಿಗೆ ನೋವಿನ ಸಂದೇಶ ಕಳುಹಿಸತೊಡಗುತ್ತವೆ. ಮಿದುಳೂ ಅದಕ್ಕೆ ಒಗ್ಗಿಹೋಗುತ್ತದೆ. ಕಾಲು ಕತ್ತರಿಸಿದವರಿಗೆ ಇಲ್ಲದ ಪಾದ ನೋಯುವುದುಂಟಲ್ಲ, ಇದೂ ಅದರಂತೆಯೇ. ನೋವು ಕಲ್ಪಿತವಲ್ಲ, ಅದು ಹುಟ್ಟುವ ಸ್ಥಳ ಹಲ್ಲಲ್ಲ, ಅಷ್ಟೆ.

ಎಲ್ಲ ನೋವನ್ನೂ ನರದ ತಲೆಗೆ ಕಟ್ಟಲಾಗದು. ಹಲ್ಲು ಕಿತ್ತ ಎರಡು-ನಾಲ್ಕು ದಿನಗಳಲ್ಲಿ ನೋವು ಇಳಿಯುವ ಬದಲು ಏರಿ, ಕಿವಿಯವರೆಗೆ ಹಬ್ಬಿ, ಬಾಯಿ ದುರ್ಗಂಧವಾದರೆ ಕುಳಿಯಲ್ಲಿನ ಹೆಪ್ಪುಗಟ್ಟಿದ ರಕ್ತ ಕಳಚಿ ಎಲುಬು ಬಯಲಾಗಿದೆಯೆಂದು ತಿಳಿಯಬೇಕು. ಬೀಡಿ, ಹೊಗೆಸೊಪ್ಪು ಬಳಸುವವರಲ್ಲಿ ಇದು ಹೆಚ್ಚು. ದಂತವೈದ್ಯರು ಕುಳಿ ತೊಳೆದು ಔಷಧವಿಟ್ಟರೆ ಕೆಲವೇ ದಿನಗಳಲ್ಲಿ ಶಮನವಾಗುವುದು. ಮೇಲಿನ ದವಡೆಹಲ್ಲು ಕಿತ್ತ ಬಳಿಕ ನೀರು ಕುಡಿದರೆ ಮೂಗಿಗೆ ಬರುವುದಾದರೆ ಸೈನಸ್‌ಗೆ ರಂಧ್ರವಾಗಿರಬಹುದು. ಬಹಳ ಹೊತ್ತು ಬಾಯಿ ತೆರೆದಿದ್ದುದರಿಂದ ದವಡೆಯ ಸ್ನಾಯುಗಳು ಬಿಗಿದು ವಾರಗಟ್ಟಲೆ ನೋಯುವುದೂ ಉಂಟು. ಜ್ವರ, ಕುತ್ತಿಗೆಯ ಊತ, ಬಾಯಿ ತೆರೆಯಲಾಗದಿರುವುದು, ನುಂಗಲು ಕಷ್ಟ ಇವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮೂರು ವಾರವಾದರೂ ಮಾಗದ ಕುಳಿ, ಅದರಲ್ಲೂ ಎಲೆಅಡಿಕೆ, ತಂಬಾಕು ಹಾಕುವವರಲ್ಲಿ, ಅರ್ಬುದದ ಸಂಶಯಕ್ಕೆ ಎಡೆಗೊಡುತ್ತದೆ. ಇದನ್ನು ಮುಂದೂಡುವಂತಿಲ್ಲ.

ಇವೆಲ್ಲ ಇಲ್ಲವೆಂದಾದ ಮೇಲೂ ಮೂರು ತಿಂಗಳು ಮೀರಿ ನೋವು ನಿಂತರೆ ಅದು ನರವೇದನೆ ಎಂದು ಬಗೆಯಲು ಆಧಾರವಿದೆ. ಎಡೆಬಿಡದ ಉರಿ, ಜೋಮು, ಮೃದುವಾಗಿ ಮುಟ್ಟಿದರೂ ನೋವು ಇದರ ಲಕ್ಷಣ. ಇದಕ್ಕೆ ಭಿನ್ನವಾದ ಇನ್ನೊಂದು ಬಗೆಯಿದೆ: ಕ್ಷಣಮಾತ್ರ ವಿದ್ಯುತ್ ಹೊಡೆದಂತೆ ಬಂದು ಹೋಗುವ, ಮಾತು, ಅಗಿತ, ಮುಖ ತೊಳೆಯುವಿಕೆಯಿಂದ ಕೆರಳುವ ನೋವು. ಇಂಗ್ಲೆಂಡಿನ ವೈದ್ಯ ಜಾನ್ ಫಾದರ್‌ಗಿಲ್ 1773ರಲ್ಲೇ ಇದನ್ನು ವಿವರಿಸಿದ್ದನು. ನಮ್ಮ ಆಯುರ್ವೇದವು ಹೇಳುವ ಅನಂತವಾತವನ್ನು ಹಲವರು ಇದಕ್ಕೇ ಹೋಲಿಸುವರು. ಇದು ಹಲ್ಲುನೋವನ್ನೇ ಹೋಲುವುದರಿಂದ ಗಟ್ಟಿಯಾದ ಹಲ್ಲುಗಳನ್ನು ಒಂದೊಂದಾಗಿ ಕೀಳಿಸಿಕೊಂಡ ಬಳಿಕವೇ ಅನೇಕರಿಗೆ ನಿಜ ತಿಳಿಯುವುದು.

ವಿದುರಾಶ್ವತ್ಥದ ಸುತ್ತಣ ಓದುಗರಿಗೆ ಇಲ್ಲೊಂದು ಮಾತು ಹೇಳಬೇಕು. ಅಲ್ಲಿ ಸಾಲುಸಾಲಾಗಿ ನಿಂತ ನಾಗರಕಲ್ಲುಗಳಿಗೆ ಹರಕೆ ಹೊತ್ತು ಬರುವವರಲ್ಲಿ ಕಾಯಿಲೆಯವರೂ ಇರುವರು. ನಮ್ಮಲ್ಲಿ ಸರ್ಪಸುತ್ತು ಎಂದು ಕರೆಯುವ ಗುಳ್ಳೆರೋಗಕ್ಕೆ ನಾಗದೋಷವೇ ಕಾರಣವೆಂಬ ನಂಬಿಕೆ ಬಲವಾಗಿದೆ. ವಾಸ್ತವದಲ್ಲಿ ಅದು ಬಾಲ್ಯದಲ್ಲಿ ಬಂದ ಸೀತಾಳೆ ಸಿಡುಬಿನ ವೈರಾಣು ನರದಲ್ಲಿ ಅಡಗಿದ್ದು ವಯಸ್ಸಾದಾಗ ಮತ್ತೆ ಏಳುವುದು. ಮುಖದ ನರದಲ್ಲಿ ಎದ್ದರೆ ಗುಳ್ಳೆ ಕಾಣುವ ಮೊದಲೇ ಹಲ್ಲುನೋವಿನಂತೆ ತೋರಿ, ನಿರಪರಾಧಿ ಹಲ್ಲೊಂದು ಬಲಿಯಾಗಬಹುದು. ಗುಳ್ಳೆ ಎದ್ದ 72 ಗಂಟೆಗಳೊಳಗೆ ವೈರಾಣುನಾಶಕ ಮಾತ್ರೆ ಆರಂಭಿಸಿದರೆ ಹೆಚ್ಚು ಫಲಕಾರಿ. ಕಣ್ಣಿನ ಬಳಿ ಎದ್ದರೆ ನೇತ್ರವೈದ್ಯರನ್ನು ಕೂಡಲೇ ಕಾಣಬೇಕು. ಕೆಮ್ಮಣ್ಣು ಹಚ್ಚಿ ಕಾಯುತ್ತ ಕುಳಿತವರು ಆ ಅವಧಿಯನ್ನು ಕಳೆದುಕೊಳ್ಳುವರು. ಹರಕೆ ಅವರವರ ಭಾವಕ್ಕೆ ಬಿಟ್ಟದ್ದು. ಔಷಧ ಅದಕ್ಕಾಗಿ ಕಾಯಬಾರದು.

ಚಿಕ್ಕಬಳ್ಳಾಪುರ ಜಿಲ್ಲೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಎಲ್ಲರಿಗೂ ತಿಳಿದದ್ದೇ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಮೂಡುತ್ತದೆ. ಬರಿಯ ಕಲೆ ಹಲ್ಲು ಕೀಳಿಸಲು ಕಾರಣವಲ್ಲ ಎಂಬುದನ್ನು ಮಾತ್ರ ಇಲ್ಲಿ ಹೇಳಿ ಮುಂದೆ ಹೋಗುತ್ತೇನೆ.

ನರವೇದನೆಗೆ ಸಾಮಾನ್ಯ ನೋವಿನ ಮಾತ್ರೆ ನಾಟುವುದಿಲ್ಲ. ದಿನವೂ ಅವನ್ನೇ ನುಂಗಿದರೆ ಹೊಟ್ಟೆ ಮತ್ತು ಮೂತ್ರಪಿಂಡಗಳಿಗೆ ಹಾನಿ. ವೈದ್ಯರು ಅಮಿಟ್ರಿಪ್ಟಿಲಿನ್, ಗ್ಯಾಬಾಪೆಂಟಿನ್, ಪ್ರಿಗಾಬಲಿನ್ ಮುಂತಾದವನ್ನು ಅಲ್ಪ ಪ್ರಮಾಣದಿಂದ ಆರಂಭಿಸುವರು. ಇವುಗಳಲ್ಲಿ ಮೊದಲನೆಯದು ಖಿನ್ನತೆಗೂ ಕೊಡುವ ಔಷಧ. ಚೀಟಿ ಓದಿದ ಅಂಗಡಿಯವರು ಹಾಗೆಂದುದನ್ನು ಕೇಳಿ ತಮ್ಮನ್ನು ಹುಚ್ಚರೆಂದು ಬಗೆದರೆಂದು ನೊಂದುಕೊಳ್ಳುವವರುಂಟು. ಹಾಗಲ್ಲ, ಇಲ್ಲಿ ಅದು ನರವನ್ನು ಶಾಂತಗೊಳಿಸಲೆಂದೇ ಕೊಟ್ಟದ್ದು. ಫಲ ಕಾಣಲು ಕೆಲವು ವಾರಗಳು ಬೇಕು, ನಾಲ್ಕು ದಿನಕ್ಕೆ ಬಿಡಬಾರದು. ವಿದ್ಯುತ್ ಹೊಡೆತದಂತಹ ನೋವಿಗೆ ಕಾರ್ಬಮಾಜೆಪಿನ್ ಕೊಡುವುದು ವಾಡಿಕೆ. ಅದನ್ನು ಸೇವಿಸುವಾಗ ಮೈಮೇಲೆ ದದ್ದು ಅಥವಾ ಬಾಯಲ್ಲಿ ಹುಣ್ಣು ಕಂಡರೆ ನಿಲ್ಲಿಸಿ ತಕ್ಷಣ ವೈದ್ಯರಿಗೆ ತೋರಿಸಬೇಕು. ಗೌರಿಬಿದನೂರಿನ ಸಾರ್ವಜನಿಕ ಆಸ್ಪತ್ರೆಯಲ್ಲಿ ಮೊದಲ ತಪಾಸಣೆ ಮಾಡಿಸಿ, ಅಗತ್ಯವಿದ್ದರೆ ಬೆಂಗಳೂರಿನ ಸರ್ಕಾರಿ ದಂತವೈದ್ಯಕೀಯ ಕಾಲೇಜು ಅಥವಾ ನಿಮ್ಹಾನ್ಸ್‌ನ ನರರೋಗ ವಿಭಾಗಕ್ಕೆ ಹೋಗಬಹುದು. ಹಳೆಯ ಎಕ್ಸ್‌ರೇ, ಮಾತ್ರೆಯ ಚೀಟಿ, ನೋವು ಯಾವಾಗ, ಎಷ್ಟು ಹೊತ್ತು, ಏನು ಮಾಡಿದಾಗ ಬರುತ್ತದೆಂದು ಬರೆದಿಟ್ಟ ಹಾಳೆ ಇವು ಜೊತೆಗಿರಲಿ. ವೈದ್ಯರಿಗೆ ಆ ಹಾಳೆಯೇ ಅರ್ಧ ತಪಾಸಣೆ.

ನಿತ್ಯಜೀವನದಲ್ಲಿ ಕೆಲವು ಉಪಾಯಗಳಿವೆ. ಅಗಿಯದೆ ನುಂಗುವ ರಾಗಿಮುದ್ದೆ ಈ ರೋಗಿಗಳಿಗೆ ವರವೇ ಸರಿ. ಸಾರು ಮಾತ್ರ ಉಗುರುಬೆಚ್ಚಗಿರಲಿ. ಮಾಗಿಯ ಬೆಳಗಿನಲ್ಲಿ ಬೈಕಿನ ಮೇಲೆ ಹೋಗುವವರು ಕೆನ್ನೆಗೆ ವಸ್ತ್ರ ಸುತ್ತಿಕೊಳ್ಳಬೇಕು. ಲವಂಗದೆಣ್ಣೆಯನ್ನು ಒಸಡಿಗೆ ಮತ್ತೆ ಮತ್ತೆ ಹಚ್ಚಿದರೆ ಸುಟ್ಟ ಹುಣ್ಣಾಗುವುದು, ಹೊಗೆಸೊಪ್ಪಿನ ಮಾತಂತೂ ಬೇಡ. ಹಣೆ ಮುಟ್ಟಿದರೆ ನೋವು ಕೆರಳುವವರು ವಿಭೂತಿಯನ್ನು ಒತ್ತಿ ಎಳೆಯದೆ ನೋವಿಲ್ಲದ ಕಡೆ ಹಗುರವಾಗಿ ಧರಿಸಲಿ, ಅದರಿಂದ ನಿಷ್ಠೆಗೆ ಕೊರತೆಯಿಲ್ಲ. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ದೃಷ್ಟಿ ನೆಟ್ಟು ಉಸಿರನ್ನು ನಿಧಾನಗೊಳಿಸಿ ಕುಳಿತ ಹೊತ್ತಿನಲ್ಲಿ ನೋವಿನ ಕಡೆಗಿನ ಗಮನ ತಗ್ಗುವುದು. ಬಿಗಿದ ದವಡೆಯೂ ಸಡಿಲವಾಗುವುದು. ಇದು ಮಾತ್ರೆಗೆ ಬದಲಲ್ಲ, ಮಾತ್ರೆಯೊಡನೆ ನಡೆಯುವಂಥದು. ಕಾಯಕವನ್ನು ಪೂರ್ಣವಾಗಿ ಬಿಡದೆ, ಆದಷ್ಟನ್ನು ಮಾಡುತ್ತಿರುವುದೂ ಹಿತ. ಸುಮ್ಮನೆ ಕುಳಿತವನಿಗೆ ನೋವೇ ಕೆಲಸವಾಗಿಬಿಡುತ್ತದೆ.

ನಿದ್ರೆಯಿಲ್ಲದ ರಾತ್ರಿಗಳು ಬದುಕೇ ಬೇಡವೆನಿಸುವಷ್ಟು ಕುಗ್ಗಿಸಬಲ್ಲವು. ಮನೆಯಲ್ಲಿ ಯಾರಾದರೂ ಹಾಗೆ ನುಡಿದರೆ ಗದರಬೇಡಿ, ಒಂಟಿಯಾಗಿ ಬಿಡಬೇಡಿ. 14416 ಎಂಬ ಟೆಲಿಮಾನಸ್ ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೂ ಮಾತನಾಡುವರು.