ಅತಿವೇಗಕ್ಕೆ ಕಡಿವಾಣ: ಟರ್ಬೈನು ರಕ್ಷಣೆಯ ತರ್ಕ

ಉಡುಪಿ ಜಿಲ್ಲೆಯಲ್ಲಿ ವಿದ್ಯುತ್ತು ಮುಖ್ಯವಾಗಿ ಎರಡು ಬಗೆಯಿಂದ ಹುಟ್ಟುತ್ತದೆ. ಘಟ್ಟದ ಮೇಲಿನ ಮಾಣಿ ಜಲಾಶಯದಿಂದ ಧುಮುಕುವ ನೀರು ಹೊಸಂಗಡಿಯ ವಾರಾಹಿ ಭೂಗರ್ಭ ವಿದ್ಯುದಾಗಾರದಲ್ಲಿ ತಲಾ 115 ಮೆಗಾವಾಟಿನ 4 ಯಂತ್ರಗಳನ್ನು ತಿರುಗಿಸುತ್ತದೆ. ಎಲ್ಲೂರಿನ ಉಷ್ಣವಿದ್ಯುತ್ ಸ್ಥಾವರದಲ್ಲಿ ತಲಾ 600 ಮೆಗಾವಾಟಿನ 2 ಯಂತ್ರಗಳನ್ನು ಉಗಿಯು ತಿರುಗಿಸುತ್ತದೆ. ತಿರುಗಿಸುವ ಶಕ್ತಿ ಬೇರೆಯಾದರೂ ಎರಡಕ್ಕೂ ಇರುವ ಭಯ ಒಂದೇ: ಹೊರೆ ತಟಕ್ಕನೆ ಕಳಚಿದಾಗ ಉಂಟಾಗುವ ಅತಿವೇಗ.

ನಮ್ಮ ದೇಶದ ವಿದ್ಯುಜ್ಜಾಲದ ಆವರ್ತನೆ ಸೆಕೆಂಡಿಗೆ 50. ಇದಕ್ಕೆ ಹೊಂದುವಂತೆ ದೊಡ್ಡ ಉಗಿ ಟರ್ಬೈನು ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಜಾಲದಲ್ಲಿ ದೋಷವುಂಟಾಗಿ ಜನರೇಟರು ಒಮ್ಮೆಲೇ ಬೇರ್ಪಟ್ಟರೆ, ಒಳನುಗ್ಗುತ್ತಿರುವ ಉಗಿಯ ಶಕ್ತಿಗೆ ಬೇರೆ ದಾರಿಯಿಲ್ಲದೆ ಅದೆಲ್ಲವೂ ವೇಗವಾಗಿ ಪರಿಣಮಿಸುತ್ತದೆ. ತಡೆಯದಿದ್ದರೆ ಒಂದೆರಡು ಸೆಕೆಂಡುಗಳಲ್ಲೇ ವೇಗವು ನೂರಕ್ಕೆ ಹತ್ತರಷ್ಟು ಮೀರಬಲ್ಲುದು. ಕೇಂದ್ರಾಪಗಾಮಿ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ವೇಗವು ನೂರಕ್ಕೆ 10 ಹೆಚ್ಚಿದರೆ ಅಲಗುಗಳ ಮೇಲಿನ ಎಳೆತ 21ರಷ್ಟು, 20 ಹೆಚ್ಚಿದರೆ 44ರಷ್ಟು ಅಧಿಕವಾಗುತ್ತದೆ. ದಕ್ಷಿಣ ಆಫ್ರಿಕದ ದುವಾ ಸ್ಥಾವರದ 600 ಮೆಗಾವಾಟಿನ ಒಂದು ಯಂತ್ರವು 2011ರಲ್ಲಿ ಅತಿವೇಗದ ಪರೀಕ್ಷೆಯ ಕಾಲದಲ್ಲೇ ಛಿದ್ರವಾಯಿತೆಂಬುದು ಈ ಅಪಾಯದ ಗಾತ್ರವನ್ನು ತಿಳಿಸುತ್ತದೆ.

ವೇಗವನ್ನು ಹದದಲ್ಲಿಡುವುದು ವೇಗನಿಯಂತ್ರಕದ ಕೆಲಸ. ಹದ ತಪ್ಪಿದಾಗ ನಿಲ್ಲಿಸುವುದು ರಕ್ಷಣಾವ್ಯವಸ್ಥೆಯ ಕೆಲಸ. ಕೋಟೇಶ್ವರದ ಕೊಡಿ ಹಬ್ಬದಲ್ಲಿ ತೇರನ್ನೆಳೆಯುವವರು ಬೇರೆ, ಗಾಲಿಗೆ ಮರದ ತಡೆಯೊಡ್ಡುವವರು ಬೇರೆ. ಹಾಗೆಯೇ ಇವೆರಡೂ ಪ್ರತ್ಯೇಕವಾಗಿರಬೇಕು. ನಿಯಂತ್ರಕವೇ ಕೆಟ್ಟು ಅತಿವೇಗ ಬಂದಿರುವಾಗ ಅದರ ಅಳತೆಯನ್ನೇ ನಂಬಿದ ರಕ್ಷಣೆ ರಕ್ಷಣೆಯಾಗದು.

ಎಚ್ಚರಿಕೆ ಮತ್ತು ಟ್ರಿಪ್ ಎಂಬೆರಡರ ಭೇದವನ್ನು ಇಲ್ಲಿ ಸ್ಪಷ್ಟವಾಗಿ ಗ್ರಹಿಸಬೇಕು. ಮನುಷ್ಯನು ಯೋಚಿಸಿ ಕೈಯಾಡಿಸಲು ವೇಳೆಯಿದ್ದಲ್ಲಿ ಗಂಟೆ ಬಾರಿಸಿ ದೀಪ ಬೆಳಗಿಸಿದರೆ ಸಾಕು, ಅದು ಎಚ್ಚರಿಕೆ. ವೇಳೆಯಿಲ್ಲದಲ್ಲಿ ಯಂತ್ರವು ಯಾರ ಅಪ್ಪಣೆಗೂ ಕಾಯದೆ ತಾನೇ ನಿಲ್ಲಬೇಕು, ಅದು ಟ್ರಿಪ್. ಬೇರಿಂಗಿನ ಎಣ್ಣೆ ಮೆಲ್ಲನೆ ಬಿಸಿಯೇರುವುದು ಮೊದಲಿಗೆ ಎಚ್ಚರಿಕೆಯ ವಿಷಯ. ಅತಿವೇಗವಾದರೋ ಟ್ರಿಪ್‌ನ ವಿಷಯ.

ಹಳೆಯ ಯಂತ್ರಗಳಲ್ಲಿ ಈ ಕೆಲಸವನ್ನು ಒಂದು ಬೋಲ್ಟು ಮಾಡುತ್ತಿತ್ತು. ದಂಡದೊಳಗೆ ಕೇಂದ್ರದಿಂದ ತುಸು ಸರಿದು, ಸ್ಪ್ರಿಂಗಿನ ಹಿಡಿತದಲ್ಲಿರುವ ಆ ಬೋಲ್ಟು, ವೇಗ ನೂರಕ್ಕೆ ಸುಮಾರು 110 ಆದಾಗ ಹೊರಚಿಮ್ಮಿ ಸನ್ನೆಯೊಂದನ್ನು ಬಡಿಯುತ್ತದೆ. ಕವಾಟಗಳನ್ನು ತೆರೆದಿಟ್ಟಿದ್ದ ಎಣ್ಣೆಯ ಒತ್ತಡ ಒಡನೆಯೇ ಇಳಿದು, ಸ್ಪ್ರಿಂಗುಗಳು ಉಗಿಯ ಕವಾಟಗಳನ್ನು ಮುಚ್ಚುತ್ತವೆ. ಇಂದಿನ ಯಂತ್ರಗಳಲ್ಲಿ ಹಲ್ಲುಗಾಲಿಯ ಬದಿಗೆ ಮೂರು ಸಂವೇದಕಗಳಿರುತ್ತವೆ. ಗಾಲಿಗೆ 60 ಹಲ್ಲುಗಳಿದ್ದರೆ, ನಿಮಿಷಕ್ಕೆ ಎಷ್ಟು ಸುತ್ತೋ ಸೆಕೆಂಡಿಗೆ ಅಷ್ಟೇ ಮಿಡಿತಗಳು, ಎಣಿಕೆ ಸುಲಭ.

ಮೂರೇ ಏಕೆ? ಒಂದೇ ಇದ್ದರೆ ಅದು ಸುಳ್ಳು ಹೇಳಿದಾಗ ಯಂತ್ರ ವೃಥಾ ನಿಲ್ಲುತ್ತದೆ, ಮೌನವಾದಾಗ ಯಂತ್ರ ನಾಶವಾಗುತ್ತದೆ. ಎರಡಿದ್ದು ಭಿನ್ನವಾಗಿ ನುಡಿದರೆ ಯಾವುದು ಸತ್ಯವೆಂದು ತಿಳಿಯದು. ಮೂರರಲ್ಲಿ ಎರಡು ಒಪ್ಪಿದರೆ ಮಾತ್ರ ಟ್ರಿಪ್. ಒಂದೇ ಭಿನ್ನವಾದರೆ ಎಚ್ಚರಿಕೆ ಮಾತ್ರ. ಆಗ ದುರಸ್ತಿಗೆ ಅವಕಾಶ ದೊರೆಯುತ್ತದೆ, ಊರಿನ ದೀಪವೂ ಆರದು.

ಇನ್ನೂ ಕೆಲವು ನಿಯಮಗಳುಂಟು. ಟ್ರಿಪ್ ಸುರುಳಿಗಳಿಗೆ ವಿದ್ಯುತ್ತು ಸದಾ ಹರಿಯುತ್ತಿರುವಂತೆ ಮಾಡಿ, ಅದು ನಿಂತರೆ ಕವಾಟ ಮುಚ್ಚುವಂತೆ ಏರ್ಪಡಿಸುವ ಪದ್ಧತಿಯಿದೆ. ತಂತಿ ಕಡಿದರೂ ಯಂತ್ರವು ಸುರಕ್ಷತೆಯ ಕಡೆಗೇ ವಾಲುತ್ತದೆ. ಒಮ್ಮೆ ಟ್ರಿಪ್ ಆದ ಯಂತ್ರವು ವೇಗ ಇಳಿಯಿತೆಂದು ತಾನಾಗಿ ಹೊರಡಕೂಡದು. ಕಾರಣವರಿತ ಮನುಷ್ಯನೇ ಅದನ್ನು ಬಿಡಿಸಬೇಕು. ಒಂದು ದೋಷ ಹತ್ತು ಗಂಟೆಗಳನ್ನು ಬಾರಿಸುವುದರಿಂದ, ಮೊದಲು ಬಾರಿಸಿದ್ದು ಯಾವುದೆಂದು ಫಲಕವು ತೋರಿಸಬೇಕು. ಟರ್ಬೈನಿನ ದೋಷಕ್ಕಾಗಿ ನಿಲ್ಲಿಸುವಾಗ ಮೊದಲು ಉಗಿ ನಿಂತಿತೆಂದು ಖಚಿತಪಡಿಸಿಕೊಂಡು ಅನಂತರ ಜನರೇಟರನ್ನು ಜಾಲದಿಂದ ಬಿಡಿಸುವುದು ಕ್ರಮ. ಕವಾಟ ಸೋರುತ್ತಿದ್ದರೆ ಅಲ್ಲಿಯವರೆಗೆ ಜಾಲವೇ ವೇಗವನ್ನು ಹಿಡಿದಿಡುತ್ತದೆ.

ವಾರಾಹಿಯ ಪೆಲ್ಟನ್ ಚಕ್ರಗಳ ಸಮಸ್ಯೆ ಇನ್ನೊಂದು ಬಗೆಯದು. ಉದ್ದನೆಯ ಕೊಳವೆಯಲ್ಲಿ ರಭಸದಿಂದ ಬರುವ ನೀರನ್ನು ತಟ್ಟನೆ ತಡೆದರೆ ಒತ್ತಡವೇರಿ ಕೊಳವೆಯೇ ಒಡೆದೀತು. ಆದುದರಿಂದ ಇಂಥ ಯಂತ್ರಗಳಲ್ಲಿ ಮೊದಲು ಒಂದು ಫಲಕವು ಧಾರೆಗೆ ಅಡ್ಡಬಂದು ನೀರನ್ನು ಚಕ್ರದಿಂದಾಚೆಗೆ ತಿರುಗಿಸುತ್ತದೆ. ಬಳಿಕ ಮೂತಿಯ ಸೂಜಿ ನಿಧಾನವಾಗಿ ಮುಚ್ಚುತ್ತದೆ. ಬೇಗ ಮಾಡಬೇಕಾದುದನ್ನು ಬೇಗ, ಮೆಲ್ಲನೆ ಮಾಡಬೇಕಾದುದನ್ನು ಮೆಲ್ಲನೆ ಮಾಡುವುದೇ ಇಲ್ಲಿನ ಜಾಣ್ಮೆ.

ಇಷ್ಟೆಲ್ಲ ತರ್ಕವಿದ್ದರೂ ಕವಾಟದ ದಂಡಕ್ಕೆ ಕಿಟ್ಟ ಹಿಡಿದು ಅಂಟಿಕೊಂಡರೆ ಆಜ್ಞೆ ವ್ಯರ್ಥ. ಅಂತೆಯೇ ಕಾಟ ಕೊಡುವ ಎಚ್ಚರಿಕೆಯನ್ನು ಕಾರಣ ಹುಡುಕದೆ ಬಾಯ್ಮುಚ್ಚಿಸುವುದೂ, ಉತ್ಪಾದನೆಯ ಆತುರದಲ್ಲಿ ಟ್ರಿಪ್ ತಂತಿಯನ್ನು ಬಿಡಿಸಿಡುವುದೂ ಯಂತ್ರದ ಬಳಿ ದುಡಿಯುವವರ ಪ್ರಾಣವನ್ನು ಒತ್ತೆಯಿಟ್ಟಂತೆ. ವರ್ಷಗಟ್ಟಲೆ ಕೆಲಸವಿಲ್ಲದೆ ಕುಳಿತ ಕಾವಲುಗಾರನು ಎಚ್ಚರವಾಗಿದ್ದಾನೆಯೇ ಎಂದು ಆಗಾಗ್ಗೆ ಪರೀಕ್ಷಿಸುತ್ತಿರಬೇಕು. ವಿಜ್ಞಾನದ ವಿದ್ಯಾರ್ಥಿಗಳು ವರ್ಗದ ನಿಯಮವನ್ನು ಕಲಿಯುವಾಗ ಅದರ ಹಿಂದೆ ಇಂತಹ ಹೊಣೆಯೂ ಇದೆಯೆಂದು ತಿಳಿದರೆ ಪಾಠವು ಸಾರ್ಥಕವಾಗುತ್ತದೆ.