ಹಳೆಯ ವಾದ್ಯದ ವಿನಿಮಯ: ಒಂದು ಪಾಠ

ಮಾರಾಟದಲ್ಲಿ ಒಬ್ಬನು ಮಾರುವವನು, ಇನ್ನೊಬ್ಬನು ಕೊಳ್ಳುವವನು. ವಿನಿಮಯದಲ್ಲಾದರೋ ಇಬ್ಬರೂ ಮಾರುವವರೇ, ಇಬ್ಬರೂ ಕೊಳ್ಳುವವರೇ. ಈ ಚಿಕ್ಕ ಮಾತಿನ ಅರ್ಥವನ್ನು ನಮ್ಮ ಶಾಲೆಯ ಬಾಲಕನೊಬ್ಬನು ಒಂದು ಹಳೆಯ ಗಿಟಾರಿನ ನಿಮಿತ್ತವಾಗಿ ಕಲಿತನು. ಅವನೊಡನೆ ನಾನೂ ಕಲಿತೆನು. ಆ ಪಾಠವನ್ನು ವಿದ್ಯಾರ್ಥಿಮಿತ್ರರ ಹಾಗೂ ಪಾಲಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ನಾವು ನೆಲೆಸಿರುವ ಗೋವೆಯು ಸಂಗೀತದ ನಾಡು. 1510ರಿಂದ 1961ರ ವರೆಗೆ ನಡೆದ ಪೋರ್ಚುಗೀಸರ ಆಳ್ವಿಕೆಯಲ್ಲಿ ಚರ್ಚುಗಳ ಆಶ್ರಯದ ಶಾಲೆಗಳು ಹಳ್ಳಿಯ ಮಕ್ಕಳಿಗೆ ಪಾಶ್ಚಾತ್ಯ ಸ್ವರಲಿಪಿಯನ್ನೂ ಪಿಟೀಲುವಾದನವನ್ನೂ ಕಲಿಸಿದುವು. ಕೊಂಕಣಿಯ ‘ಮಾಂಡೊ’ ಹಾಡಿಗೆ ಪಿಟೀಲು, ಗಿಟಾರು ಮತ್ತು ಮಣ್ಣಿನ ಗಡಿಗೆಗೆ ಚರ್ಮ ಬಿಗಿದ ‘ಘುಮಟ’ ಜೊತೆಗೂಡುತ್ತವೆ. 1970ರ ದಶಕದಲ್ಲಿ ಅಂಜುನಾ ಕಡಲತೀರದಲ್ಲಿ ತಂಗಿದ್ದ ಪಾಶ್ಚಾತ್ಯ ಯಾತ್ರಿಕರು ತಮ್ಮಲ್ಲಿದ್ದ ವಸ್ತುಗಳನ್ನು ಮಾರುವ, ಅದಲುಬದಲು ಮಾಡಿಕೊಳ್ಳುವ ರೂಢಿಯಿಟ್ಟರು; ಅದೇ ಮುಂದೆ ಅಂಜುನಾದ ಬುಧವಾರದ ಸಂತೆಯೆಂದು ಹೆಸರಾಯಿತು. ಹೀಗೆ ಹಳೆಯ ವಸ್ತುವಿನ ವಿನಿಮಯವೂ ಈ ನೆಲಕ್ಕೆ ಹೊಸತಲ್ಲ.

ನಮ್ಮ ಶಾಲೆಯ ಮಕ್ಕಳಲ್ಲಿ ಹೆಚ್ಚಿನವರು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳಗಳ ಕಡೆಯಿಂದ ದುಡಿಮೆಗಾಗಿ ಬಂದವರ ಮಕ್ಕಳು. ನೆರೆಮನೆಯ ಕಿಟಕಿಯಿಂದ ಗಿಟಾರಿನ ನಾದವು ಅವರ ಕಿವಿಗೆ ಬೀಳುತ್ತದೆ. ಕಲಿಯುವ ಹಂಬಲ ಹುಟ್ಟುತ್ತದೆ. ಹೊಸ ವಾದ್ಯದ ಬೆಲೆಯನ್ನು ತೆರಲು ತಂದೆಯ ಕೂಲಿ ಸಾಲದು. ಹಳೆಯದೇ ಅವರಿಗೆ ತೆರೆದಿರುವ ಬಾಗಿಲು. ಆ ಬಾಗಿಲಲ್ಲಿ ಎಡವದೆ ಒಳಹೊಗುವುದು ಹೇಗೆಂಬುದೇ ಪ್ರಶ್ನೆ.

ಕಳೆದ ವರ್ಷ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ತನ್ನ ಸೈಕಲ್ಲನ್ನು ಕೊಟ್ಟು, ನೆರೆಯ ಬೀದಿಯ ತರುಣನೊಬ್ಬನಿಂದ ಗಿಟಾರನ್ನು ಪಡೆದನು. ಎರಡು ವಾರಗಳೊಳಗೆ ವಾದ್ಯದ ಕುತ್ತಿಗೆಯು ಒಡಲನ್ನು ಸೇರುವ ಸಂದಿನಲ್ಲಿ ಬಾಯಿಬಿಟ್ಟಿತು. ಹಳೆಯ ಬಿರುಕೊಂದನ್ನು ಅಂಟಿನಿಂದಲೂ ಮೆರುಗೆಣ್ಣೆಯಿಂದಲೂ ಮುಚ್ಚಲಾಗಿತ್ತು. ಬಾಲಕನು ಅದನ್ನು ನನ್ನ ಕೊಠಡಿಗೆ ಹೊತ್ತು ತಂದು, “ಸರ್, ನನಗ ಮೋಸ ಆಗೇತ್ರಿ” ಎಂದು ಕಣ್ಣೀರಿಟ್ಟನು.

ಅವನ ಕಥೆಯನ್ನು ಮುಂದುವರಿಸುವ ಮುನ್ನ, ಅವನು ಮೊದಲೇ ಮಾಡಬೇಕಾಗಿದ್ದ ಪರೀಕ್ಷೆ ಯಾವುದೆಂಬುದನ್ನು ನೋಡೋಣ.

ವಾದ್ಯಪರೀಕ್ಷೆ

ತಂತಿಗಳು ಸಡಿಲವಾಗಿರುವ ಗಿಟಾರನ್ನು ಎಂದಿಗೂ ಒಪ್ಪಿಕೊಳ್ಳಕೂಡದು. ಉಕ್ಕಿನ ಆರು ತಂತಿಗಳನ್ನು ಶ್ರುತಿಗೆ ಏರಿಸಿದಾಗ ಅವು ಒಟ್ಟಾಗಿ ಸುಮಾರು 70 ಕಿಲೋಗ್ರಾಮ್ ತೂಕದಷ್ಟು ಬಲದಿಂದ ಮರವನ್ನು ಜಗ್ಗುತ್ತವೆ. ನೈಲಾನ್ ತಂತಿಗಳ ಸೆಳೆತವು ಸುಮಾರು 40 ಕಿಲೋಗ್ರಾಮಿನಷ್ಟು. ಸಡಿಲ ತಂತಿಯ ವಾದ್ಯದಲ್ಲಿ ಈ ಸೆಳೆತವಿಲ್ಲದ ಕಾರಣ ದೋಷವು ನಿದ್ರಿಸುತ್ತಿರುತ್ತದೆ. ಆದುದರಿಂದ ಶ್ರುತಿ ಮಾಡಿಸಿ, ಅರ್ಧ ಗಂಟೆ ಕಾದು, ಅನಂತರವೇ ನೋಡತಕ್ಕದ್ದು. ನೈಲಾನ್ ತಂತಿಗಾಗಿ ಕಟ್ಟಿದ ಹಗುರ ವಾದ್ಯಕ್ಕೆ ಯಾರಾದರೂ ಉಕ್ಕಿನ ತಂತಿ ಏರಿಸಿದ್ದರೆ, ಅದರ ಮುಂಭಾಗದ ಹಲಗೆಯು ಉಬ್ಬಿರುವ ಸಂಭವವುಂಟು.

ಬಡಗಿಯು ಹಲಗೆಯ ನೇರವನ್ನು ಒಂದು ಕಣ್ಣು ಮುಚ್ಚಿ ನೋಡುವಂತೆ, ಕುತ್ತಿಗೆಯನ್ನು ತುದಿಯಿಂದ ನೋಡಬೇಕು. ತಂತಿಗಳ ಕಡೆಗೆ ಅತಿ ಸ್ವಲ್ಪ ಬಾಗಿದ್ದರೆ ತಪ್ಪಿಲ್ಲ. ತಿರುಚಿದ್ದರೆ ಬಿಡುವುದೇ ಲೇಸು. ಉಕ್ಕಿನ ತಂತಿಯ ಅನೇಕ ಗಿಟಾರುಗಳ ಕುತ್ತಿಗೆಯೊಳಗೆ ಲೋಹದ ಸರಳೊಂದಿರುತ್ತದೆ. ಅದನ್ನು ತಿರುಗಿಸಿ ಬಾಗನ್ನು ಸರಿಪಡಿಸಬಹುದು, ತಿರುಚನ್ನಲ್ಲ.

ಮುಂದಿನದು ತಂತಿಗಳನ್ನು ಹೊರುವ ಕುದುರೆ. ಅದರ ಹಿಂಬದಿಯ ಅಂಚಿನ ಕೆಳಗೆ ತೆಳ್ಳನೆಯ ಕಾಗದವನ್ನು ತೂರಿಸಿ ನೋಡಬೇಕು. ಕಾಗದವು ಒಳಹೊಕ್ಕರೆ ಅಂಟು ಬಿಟ್ಟಿದೆಯೆಂದು ತಿಳಿಯಬಹುದು.

ಮೂರನೆಯದು ಮೆಟ್ಟಿಲುಗಳು. ನಮ್ಮ ವೀಣೆಯ 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂಡಿಸಿರುವುದರಿಂದ, ಬಲ್ಲವರು ಮೇಣ ತೆಗೆದು ಮತ್ತೆ ಮೇಳ ಕಟ್ಟುತ್ತಾರೆ. ಗಿಟಾರಿನಲ್ಲಾದರೋ ಅವುಗಳನ್ನು ಮರದ ಸೀಳಿನಲ್ಲಿ ಬಿಗಿಯಾಗಿ ಕೂಡಿಸಿರುತ್ತಾರೆ. ಸವೆದರೆ ಉಜ್ಜಿ ಸಮಮಾಡಬೇಕು, ಇಲ್ಲವೆ ಕಿತ್ತು ಹೊಸತು ಹಾಕಬೇಕು. ಎರಡೂ ನುರಿತ ಕೈಯ ಕೆಲಸವೇ. ಪ್ರತಿಯೊಂದು ತಂತಿಯನ್ನು ಪ್ರತಿಯೊಂದು ಮೆಟ್ಟಿಲಿನಲ್ಲಿ ಒತ್ತಿ ಮೀಟಿ, ‘ಝರ್’ ಎಂಬ ಸದ್ದು ಎಲ್ಲಿ ಬರುವುದೆಂದು ಗುರುತಿಸಿಕೊಳ್ಳಬೇಕು. ಹನ್ನೆರಡನೆಯ ಮೆಟ್ಟಿಲು ತಂತಿಯ ನಡುವೆ ಬರುತ್ತದೆ. ಅಲ್ಲಿ ಒತ್ತಿದರೆ ಬಿಡಿ ತಂತಿಯ ಸ್ವರವೇ ಮೇಲಿನ ಸ್ಥಾಯಿಯಲ್ಲಿ ನುಡಿಯಬೇಕು. ಸ್ವರವು ಹೆಚ್ಚುಕಡಿಮೆಯಾದರೆ ಕುದುರೆಯ ಸ್ಥಾನವೋ ತಂತಿಯ ಎತ್ತರವೋ ತಪ್ಪಿದೆ.

ನಾಲ್ಕನೆಯದು ವಾದ್ಯದ ಒಡಲು. ರಂಧ್ರದೊಳಗೆ ದೀಪ ಹಿಡಿದು, ಆಸರೆಯ ಪಟ್ಟಿಗಳು ಕಳಚಿವೆಯೆ, ಬೂಷ್ಟು ಹಿಡಿದಿದೆಯೆ, ಹುಳು ಕೊರೆದ ಹುಡಿ ಬಿದ್ದಿದೆಯೆ ಎಂದು ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ಇಲ್ಲಿಯ ಮಳೆಯಲ್ಲಿ ಮರವು ತೇವವನ್ನು ಹೀರಿ ಉಬ್ಬುತ್ತದೆ. ಕಡಲ ಉಪ್ಪುಗಾಳಿಯು ತಂತಿಯನ್ನೂ ಬಿರಡೆಯ ಯಂತ್ರವನ್ನೂ ತುಕ್ಕು ಹಿಡಿಸುತ್ತದೆ.

ವಿದ್ಯುತ್ ಗಿಟಾರು ಹಾಗೂ ಧ್ವನಿವರ್ಧಕಗಳ ವಿಷಯದಲ್ಲಿ ಎಚ್ಚರವು ಇಮ್ಮಡಿಯಾಗಿರಬೇಕು. ನಮ್ಮ ದೇಶದ ಮನೆಗಳ ವಿದ್ಯುತ್ತು 230 ವೋಲ್ಟಿನದು, ಅಮೆರಿಕೆಯದು 120 ವೋಲ್ಟಿನದು. ಅಲ್ಲಿಗೆಂದು ಮಾಡಿದ ಯಂತ್ರವನ್ನು ಇಲ್ಲಿ ನೇರವಾಗಿ ಜೋಡಿಸಿದರೆ ಸುಟ್ಟುಹೋದೀತು. ಭೂಸಂಪರ್ಕದ ಮೂರನೆಯ ಕಡ್ಡಿಯನ್ನು ಕತ್ತರಿಸಿದ ಪ್ಲಗ್ಗನ್ನು ಮುಟ್ಟಕೂಡದು. ಹಳೆಯ ಕವಾಟದ ಧ್ವನಿವರ್ಧಕಗಳಲ್ಲಿ, ಪ್ಲಗ್ಗನ್ನು ಕಿತ್ತ ಮೇಲೂ ಪ್ರಾಣಾಂತಕವಾದ ವಿದ್ಯುತ್ತು ಒಳಗೆ ಸಂಗ್ರಹವಾಗಿ ಉಳಿದಿರಬಹುದು. ಮಕ್ಕಳು ಅವನ್ನು ಬಿಚ್ಚಲೇಬಾರದು.

ಹಳೆಯ ಘುಮಟದ ವಿಷಯದಲ್ಲಿಯೂ ಒಂದು ಮಾತು. ಅದಕ್ಕೆ ಹಿಂದೆ ಉಡದ ಚರ್ಮವನ್ನು ಬಿಗಿಯುತ್ತಿದ್ದರು. ಉಡವು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ರಕ್ಷಣೆಯಲ್ಲಿರುವ ಪ್ರಾಣಿಯಾದ ಕಾರಣ, ಅಂತಹ ಚರ್ಮದ ವಾದ್ಯವನ್ನು ಮಾರುವುದಾಗಲಿ ಕೊಳ್ಳುವುದಾಗಲಿ ಸಲ್ಲದು. ಈಗ ಮೇಕೆಯ ಚರ್ಮವನ್ನು ಬಳಸುತ್ತಾರೆ.

ದುರಸ್ತಿಯ ಲೆಕ್ಕ

ವಸ್ತುವಿನ ಬೆಲೆ ಬೇರೆ, ಅದು ನುಡಿಯುವಂತಾಗಲು ಬೀಳುವ ಬೆಲೆ ಬೇರೆ. ಹೊಸ ಗಿಟಾರಿಗೆ 8000 ರೂಪಾಯಿಯೆಂದೂ ಹಳೆಯದಕ್ಕೆ 4000 ರೂಪಾಯಿಯೆಂದೂ ಭಾವಿಸಿರಿ. ತಂತಿಗೆ 500, ಕುದುರೆಯ ಅಂಟಿಗೆ 1000, ಮೆಟ್ಟಿಲುಗಳ ಕೆಲಸಕ್ಕೆ 2000 ಆದರೆ ಒಟ್ಟು 7500 ಆಯಿತು. ಉಳಿತಾಯವು 4000 ಅಲ್ಲ, 500 ಮಾತ್ರ. ತಂತಿ, ಬಿರಡೆ, ತಂತಿಜೋಡಣೆಯ ದೋಷಗಳು ಸುಲಭವಾದುವು. ಕುದುರೆ ಮತ್ತು ಮೆಟ್ಟಿಲುಗಳವು ಮಧ್ಯಮ. ಕುತ್ತಿಗೆ ಮುರಿದುದು, ಹಲಗೆ ಸೀಳಿದುದು ಕಠಿಣ. ಕಲಿಯತೊಡಗಿದವನು ಮೊದಲನೆಯ ಬಗೆಯ ದೋಷವಿರುವ ವಾದ್ಯವನ್ನು ಮಾತ್ರ ಒಪ್ಪಬೇಕು. ಅದಕ್ಕೂ ಮುನ್ನ ದುರಸ್ತಿ ಬಲ್ಲವರಿಂದ ಖರ್ಚನ್ನು ಕೇಳಿ ತಿಳಿಯಬೇಕು.

ವಿನಿಮಯದ ಎರಡು ಮುಖಗಳು

ಈಗ ಬಾಲಕನ ಕಥೆಗೆ ಮರಳೋಣ. ಗಿಟಾರನ್ನು ನೋಡಿ ಮುಗಿಸಿ ನಾನು ಕೇಳಿದೆನು: “ನೀ ಕೊಟ್ಟ ಸೈಕಲ್ ಹೆಂಗಿತ್ತಪಾ?”

ಅವನು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ನೆಲ ನೋಡುತ್ತ, “ಮುಂದಿನ ಫೋರ್ಕ್ ಸೀಳಿತ್ರಿ, ಸರ್. ಬಣ್ಣಾ ಹಚ್ಚಿ ಕೊಟ್ಟೇನ್ರಿ” ಎಂದನು.

ನನ್ನ ಎದೆ ಝಲ್ಲೆಂದಿತು. ಗಿಟಾರಿನ ಕುತ್ತಿಗೆ ಮುರಿದರೆ ಹಾಡು ನಿಂತೀತು. ಓಡುವ ಸೈಕಲ್ಲಿನ ಫೋರ್ಕ್ ಮುರಿದರೆ ಏರಿದವನ ಗತಿಯೇನು? ಅದೇ ಸಂಜೆ ಇಬ್ಬರೂ ಆ ತರುಣನ ಮನೆಗೆ ಹೋದೆವು. ಅವನ ಕಿರಿಯ ತಮ್ಮನು ಅದೇ ಸೈಕಲ್ಲನ್ನೇರಿ ಇಳಿಜಾರಿನ ದಾರಿಯಲ್ಲಿ ಅಂಗಡಿಗೆ ಹೋಗಿದ್ದನು. ಅವನು ಸುಖವಾಗಿ ಮರಳುವ ವರೆಗಿನ ಹತ್ತು ನಿಮಿಷಗಳನ್ನು ನಾವು ಮೂವರೂ ಬಾಗಿಲಲ್ಲಿ ನಿಂತು ಕಳೆದೆವು. ಬಾಲಕನು ತನ್ನ ತಪ್ಪನ್ನು ಹೇಳಿದ ಮೇಲೆ ತರುಣನೂ ತನ್ನದನ್ನು ಒಪ್ಪಿಕೊಂಡನು. ಫೋರ್ಕನ್ನು ಬಾಲಕನ ತಂದೆಯು ಬದಲಾಯಿಸಿಕೊಟ್ಟನು. ಕುತ್ತಿಗೆಯ ದುರಸ್ತಿಯ ಖರ್ಚನ್ನು ತರುಣನು ವಹಿಸಿಕೊಂಡನು. ವಾದ್ಯವು ಈಗ ನುಡಿಯುತ್ತಿದೆ.

1882ನೆಯ ಸ್ವತ್ತು ವರ್ಗಾವಣೆ ಅಧಿನಿಯಮದ 121ನೆಯ ಕಲಮು ವಿನಿಮಯದ ಕುರಿತು ಹೇಳುವುದೂ ಇದನ್ನೇ: ಪ್ರತಿಯೊಬ್ಬನೂ ತಾನು ಕೊಡುವ ವಸ್ತುವಿನ ಮಟ್ಟಿಗೆ ಮಾರುವವನ ಹೊಣೆಯನ್ನೂ, ಪಡೆಯುವ ವಸ್ತುವಿನ ಮಟ್ಟಿಗೆ ಕೊಳ್ಳುವವನ ಹಕ್ಕನ್ನೂ ಹೊಂದಿರುತ್ತಾನೆ. 1872ರ ಕರಾರು ಅಧಿನಿಯಮದ 17ನೆಯ ಕಲಮಿನಂತೆ, ಮೋಸಗೊಳಿಸುವ ಉದ್ದೇಶದಿಂದ ತಿಳಿದ ಸಂಗತಿಯನ್ನು ಮರೆಮಾಡುವುದು ವಂಚನೆಯಾಗುತ್ತದೆ. ಆದರೆ ಬರಿಯ ಮೌನವನ್ನು ಆ ಕಲಮು ಎಲ್ಲ ಸಂದರ್ಭಗಳಲ್ಲಿಯೂ ವಂಚನೆಯೆನ್ನುವುದಿಲ್ಲ. ಕಾನೂನು ಸುಮ್ಮನಿರುವ ಆ ಎಡೆಯಲ್ಲಿಯೇ ಮನುಷ್ಯನ ಮನಸ್ಸಾಕ್ಷಿಯು ಮಾತನಾಡಬೇಕಾಗಿದೆ. ಇನ್ನೂ ಒಂದು ಸಂಗತಿ: ಹದಿನೆಂಟು ವರ್ಷ ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಆದುದರಿಂದ ಮಕ್ಕಳು ಪಾಲಕರನ್ನು ಜೊತೆಗೆ ಕರೆದುಕೊಂಡೇ ಇಂತಹ ವ್ಯವಹಾರಕ್ಕೆ ಹೋಗತಕ್ಕದ್ದು.

ವಿದ್ಯಾರ್ಥಿಮಿತ್ರರೇ, ಹಳೆಯ ವಸ್ತುವಿನಲ್ಲಿ ದೋಷವಿರುವುದು ಅಪರಾಧವಲ್ಲ. ಅದನ್ನು ಮುಚ್ಚುವುದು ಅಪರಾಧ. ಬಿರುಕನ್ನು ತೋರಿಸಿ ಕೊಟ್ಟ ಗಿಟಾರಿಗೆ ಬೆಲೆ ತುಸು ಕಡಿಮೆ ಬಂದೀತು. ಆದರೆ ಕೊಟ್ಟವನು ಆ ಬೀದಿಯಲ್ಲಿ ಮರುದಿನವೂ ತಲೆಯೆತ್ತಿ ನಡೆಯಬಲ್ಲನು. ಪಡೆಯುವುದನ್ನು ಪರೀಕ್ಷಿಸುವ ಕಣ್ಣಿನಿಂದಲೇ ಕೊಡುವುದನ್ನೂ ಪರೀಕ್ಷಿಸಿರಿ.

ಮನನಕ್ಕೆ ಪ್ರಶ್ನೆಗಳು

1. ಸಡಿಲ ತಂತಿಯ ಗಿಟಾರಿನಲ್ಲಿ ದೋಷವು ಏಕೆ ಕಾಣುವುದಿಲ್ಲ?
2. ವೀಣೆಯ ಮೆಟ್ಟಿಲಿಗೂ ಗಿಟಾರಿನ ಮೆಟ್ಟಿಲಿಗೂ ದುರಸ್ತಿಯಲ್ಲಿರುವ ಭೇದವೇನು?
3. ನಿಮ್ಮ ಮನೆಯ ಹಳೆಯ ವಸ್ತುವೊಂದನ್ನು ಆರಿಸಿ, ಅದನ್ನು ಪಡೆಯುವವನಿಗೆ ನೀವು ಹೇಳಬೇಕಾದ ದೋಷಗಳ ಪಟ್ಟಿಯನ್ನು ಬರೆಯಿರಿ.